ನಳಿನಾಕ್ಷಿ ಸೇರಿಸದ ಒಂದು ವಿಳಾಸ

ಬಕೆಟ್ಟು ತುಂಬಿದೆ, ಡ್ರಮ್ಮು ಇನ್ನೂ ಅರ್ಧ. ಠಾಣೆಯಾಚೆ ಠಾಕುರ್ಲಿಯ ಈ ಕಟ್ಟಡಕ್ಕೆ ನೀರು ಬರುವುದು ಬೆಳಗಿನ ಐದೂವರೆಯಿಂದ ಒಂದೇ ತಾಸು. ನಳಿನಾಕ್ಷಿಯ ಎಡಗೈಯಲ್ಲಿ ಪೈಪು, ಬಲಗೈಯಲ್ಲಿ ಮೊಬೈಲು. ಒಂದು ಲಿಂಕ್ ಒತ್ತುತ್ತಾರೆ, ಪುಟ ತೆರೆಯುವವರೆಗೆ ಕಾಯುತ್ತಾರೆ, ಅಲ್ಲಿರುವ ನಂಬರಿಗೆ ಫೋನು ಮಾಡುತ್ತಾರೆ. ರಾತ್ರಿ ಪಾಳಿ ಮುಗಿಸುವ ಆಯಾಗಳೂ ಹಗಲು ಪಾಳಿಗೆ ಹೊರಡುವವರೂ ಕೈಗೆ ಸಿಗುವುದು ಇದೇ ಹೊತ್ತಿಗೆ.

"ಪೂವಪ್ಪಣ್ಣ, ಅಂಗಡಿ ಉಂಟಾ, ಮುಚ್ಚಿದಿರಾ?"

"ಉಂಟು ಮಾರಾಯ್ರೆ. ನನ್ನ ಹೆಸರು ತೆಗೀಲಿಕ್ಕೆ ಇಷ್ಟು ಅವಸರವಾ ನಳಿನಕ್ಕ?"

ಪೂವಪ್ಪ ತುರ್ಭೆಯಲ್ಲಿ ರೋಗಿಗಳ ಮಂಚ, ಗಾಲಿಕುರ್ಚಿ ಬಾಡಿಗೆಗೆ ಕೊಡುವವರು. ಡೊಂಬಿವಲಿಯ ಒಂದು ಕನ್ನಡ ಸಂಘದ ವೆಬ್‌ಸೈಟಿನಲ್ಲಿ 'ಮನೆ ಆರೈಕೆ' ಎಂಬ ಪುಟವಿದೆ. ಠಾಣೆಯಿಂದ ಪನ್ವೇಲ್‌ವರೆಗೆ ಮನೆಗೆ ಬಂದು ರೋಗಿಯನ್ನು ನೋಡಿಕೊಳ್ಳುವವರು, ಕಾಲು ತಿಕ್ಕಿ ನಡೆಸುವವರು, ಮಂಚ ತಂದುಕೊಡುವವರು ಎಲ್ಲ ಸೇರಿ ಎಂಬತ್ತನಾಲ್ಕು ಲಿಂಕ್‌ಗಳು ಅಲ್ಲಿವೆ. ಪ್ರತಿಯೊಂದರ ಕೆಳಗೆ ನಳಿನಾಕ್ಷಿ ಬರೆದ ಸಣ್ಣ ಷರಾ. ಪೂವಪ್ಪನವರದ್ದು ಹೀಗಿದೆ: 'ಮಂಚ ಗಟ್ಟಿ. ಲಿಫ್ಟ್ ಇಲ್ಲದಿದ್ದರೂ ಹೊತ್ತು ತರುತ್ತಾರೆ. ಮಾತು ಜಾಸ್ತಿ.'

"ಆ ಕಡೇ ಮಾತು ತೆಗೀತೀರಾ?" ಎಂದು ಪೂವಪ್ಪ ಕೇಳುತ್ತಾರೆ.

"ನೀವು ಕಡಿಮೆ ಮಾಡಿ, ನಾನು ತೆಗೀತೇನೆ."

"ಬೇಡ, ಇರಲಿ. ಜನ ಅದನ್ನೇ ಓದಿ ಫೋನ್ ಮಾಡ್ತಾರೆ. ಬೈದು ಬರೆದವರು ಸುಳ್ಳು ಬರೆದಿರ್ಲಿಕ್ಕಿಲ್ಲ ಅಂತ."

ನಳಿನಾಕ್ಷಿಗೆ ಈಗ ಅರವತ್ತೊಂದು. ಕಾಪುವಿನ ಕಡೆಯವರು, ಮದುವೆಯಾಗಿ ಇಲ್ಲಿಗೆ ಬಂದವರು. ಠಾಣೆಯ ಒಂದು ನರ್ಸಿಂಗ್ ಹೋಮಿನಲ್ಲಿ ಇಪ್ಪತ್ತಾರು ವರ್ಷ ಆಯಾ ಆಗಿದ್ದರು. ಮಂಡಿ ಸೋತ ಮೇಲೆ ಮನೆಯಲ್ಲಿ ಕುಳಿತರೂ ಫೋನುಗಳು ನಿಲ್ಲಲಿಲ್ಲ: ತಾಯಿ ಹಾಸಿಗೆ ಹಿಡಿದಿದ್ದಾರೆ, ಯಾರನ್ನು ಕರೆಯಲಿ? ಹೇಳಿ ಹೇಳಿ ಬೇಸತ್ತು ಬರೆದಿಟ್ಟದ್ದೇ ಈ ಪಟ್ಟಿ. ಹನ್ನೊಂದು ವರ್ಷವಾಯಿತು. ದಿನಕ್ಕೆ ಆರೋ ಏಳೋ ಲಿಂಕ್ ನೋಡಿದರೆ ಎರಡು ವಾರಕ್ಕೆ ಒಂದು ಸುತ್ತು. ಪುಟ ತೆರೆಯದಿದ್ದರೆ, ನಂಬರು ಸತ್ತಿದ್ದರೆ ಆ ದಿನವೇ ತೆಗೆಯುತ್ತಾರೆ. ಸಂಬಳವಿಲ್ಲ. ಪುಟದಲ್ಲಿ ಅವರ ಹೆಸರೂ ಇಲ್ಲ.

ಈ ಕೆಲಸದ ಬೆಲೆ ಅವರಿಗೆ ತಿಳಿದದ್ದು ಮಗಳಿಂದ. ಶ್ರದ್ಧಾ ಐರೋಲಿಯಲ್ಲಿ ವೆಬ್‌ಸೈಟು ಮಾಡುವ ಕಂಪನಿಯಲ್ಲಿದ್ದಾಳೆ. ಸರ್ಚ್‌ನಲ್ಲಿ ಯಾರನ್ನು ಮೊದಲು ತೋರಿಸಬೇಕು ಎಂದು ಯಂತ್ರ ಲೆಕ್ಕ ಹಾಕುವಾಗ, ಬೇರೆ ಯಾವ ಪುಟಗಳು ಲಿಂಕ್ ಕೊಟ್ಟು ಅವರನ್ನು ತೋರಿಸಿವೆ ಎಂದೂ ನೋಡುತ್ತದಂತೆ. ಸಾವಿರಾರು ಹೆಸರು ತುರುಕಿದ ಪುಟದ ಮಾತಿಗೆ ತೂಕವಿಲ್ಲ. ಒಂದೇ ವಿಷಯ ಹಿಡಿದು, ಆರಿಸಿ, ಸೋಸಿ ಇಟ್ಟ ಪುಟ ಯಾರನ್ನಾದರೂ ತೋರಿಸಿದರೆ ಅವರು ಮೇಲೇರುತ್ತಾರೆ. ಪೂವಪ್ಪ ಹಾಗೆಯೇ ಮೇಲೆ ಬಂದವರು. "ಅಮ್ಮಾ, ಜಿಸ್ಕೋ ತೂ ದಿಖಾಯೇ ವೋ ಊಪರ್. ತೂ ಕಿಧರ್ ಹೈ?" ಎಂದು ಶ್ರದ್ಧಾ ಛೇಡಿಸುತ್ತಾಳೆ. ನೀನು ಯಾರನ್ನು ತೋರಿಸಿದರೂ ಅವರು ಮೇಲೆ, ತೋರಿಸಿದ ನೀನು ಎಲ್ಲಿ?

ಒಮ್ಮೆ ಒಂದು ದೊಡ್ಡ ಏಜೆನ್ಸಿಯವನು ಬಂದು, ಕಾಣಿಕೆ ಕೊಡುತ್ತೇನೆ, ನಮ್ಮನ್ನೂ ಹಾಕಿ ಎಂದ. ನಳಿನಾಕ್ಷಿ ಚಹಾ ಕೊಟ್ಟು ಕಳಿಸಿದರು. "ನೋಡದವರನ್ನು ಒಬ್ಬರನ್ನು ಹಾಕಿದರೂ ಉಳಿದವರ ಮರ್ಯಾದೆ ಹೋಗ್ತದೆ. ನನ್ನ ಕಣ್ಣಲ್ಲಿ ಕೆಲಸ ನೋಡಬೇಕು, ಆಮೇಲೆ ಲಿಂಕ್."

ಆದರೆ ಕಣ್ಣಾರೆ ನೋಡಿಯೂ ಹಾಕದ ಒಂದು ಹೆಸರಿದೆ. ಲೋಲಾಕ್ಷಿ. ಅದೇ ನರ್ಸಿಂಗ್ ಹೋಮ್, ಅದೇ ವಾರ್ಡು, ಅದೇ ಪಾಳಿಯ ಜತೆಗಾರ್ತಿ. ಈಗ ಕಳವಾ ಎಂಬ ಊರಿನಲ್ಲಿ ಒಂದು ಬಾಡಿಗೆ ಖೋಲಿ ಹಿಡಿದು, ನಾಲ್ವರು ಹೆಂಗಸರನ್ನು ಕಟ್ಟಿಕೊಂಡು ಮನೆಮನೆಯ ಆರೈಕೆಗೆ ಹೋಗುತ್ತಾರೆ.

"ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರಿಡುವುದು ಬೇಡ" ಎನ್ನುತ್ತಾರೆ ನಳಿನಾಕ್ಷಿ. "ನಾನು ಅವಳಿಗಿಂತ ಮೊದಲು ಹೋಗ್ತಿದ್ದೆ. ಚಾದರ ಒಂದು ಸುಕ್ಕಿಲ್ಲದ ಹಾಗೆ ಹಾಸ್ತಿದ್ದೆ. ಆದರೂ ಬೆಲ್ ಒತ್ತಿದ ರೋಗಿಗಳು ಕೇಳುವುದು, ಲೋಲಾಕ್ಷಿ ಇಲ್ವಾ ಅಂತ. ಅವಳ ಕೈ ಬೆಚ್ಚಗೆ ಉಂಟಂತೆ. ನನ್ನದೇನು ಐಸಾ?"

ವಾರ್ಡಿನದ್ದಾದರೆ ಮರೆಯುತ್ತಿದ್ದರೇನೋ. ನಳಿನಾಕ್ಷಿಯ ಅತ್ತೆ ಹಾಸಿಗೆ ಹಿಡಿದಾಗ ಲೋಲಾಕ್ಷಿ ನೋಡಲು ಬಂದರು. ನೋವಿನಲ್ಲಿ ನರಳುತ್ತಿದ್ದ ಮುದುಕಿಯನ್ನು ಮೆಲ್ಲನೆ ಮಗ್ಗುಲಿಗೆ ಹೊರಳಿಸಿದರು. ಅತ್ತೆ ಸಂಜೆಯವರೆಗೆ ನಿದ್ದೆ ಹೋದರು. ಆಮೇಲೆ ಎರಡು ತಿಂಗಳು ಉಣಿಸಿದ್ದು, ಒರೆಸಿದ್ದು, ಬಳಿದದ್ದು ನಳಿನಾಕ್ಷಿ. ಅತ್ತೆ ದಿನವೂ ಕೇಳಿದ್ದು, "ಆ ಹುಡುಗಿ ಇವತ್ತೂ ಬರಲಿಲ್ವಾ?"

ಎಂಟು ತಿಂಗಳ ಹಿಂದೆ ಆ ಹುಡುಗಿಯದೇ ಪತ್ರ ಪುಟದ ಇಮೇಲ್‌ಗೆ ಬಂತು. 'ನಳಿನಾ, ನಮ್ಮದೂ ಒಂದು ಪುಟ ಮಾಡಿಸಿದ್ದೇನೆ. ಹುಡುಕಿದರೆ ಯಾರಿಗೂ ಕಾಣುವುದಿಲ್ಲ. ನಿನ್ನ ಪಟ್ಟಿಯಲ್ಲಿ ಹಾಕುತ್ತೀಯಾ?' ನಳಿನಾಕ್ಷಿ ಅಂದೇ ಉತ್ತರ ಬರೆದರು: 'ನಾನು ಕೆಲಸ ನೋಡದೆ ಯಾರನ್ನೂ ಹಾಕುವುದಿಲ್ಲ.' ಬರೆದರು, ಕಳಿಸಲಿಲ್ಲ. ಅವರ ಹನ್ನೊಂದು ವರ್ಷದ ನಿಯಮವೇ ಅಲ್ಲಿ ಸುಳ್ಳಾಗಿ ಕುಳಿತಿತ್ತು. ಲೋಲಾಕ್ಷಿಯ ಕೆಲಸವನ್ನು ಇವರಷ್ಟು ನೋಡಿದವರು ಬೇರೆ ಯಾರಿದ್ದಾರೆ?

ಈಗ ಪೂವಪ್ಪ ಫೋನು ಇಡುವ ಮೊದಲು ಹೇಳುತ್ತಾರೆ: "ಕಳವಾ ಊರಿನ ಲೋಲಾಕ್ಷಕ್ಕ ನಮ್ಮ ಎರಡು ಮಂಚ ವಾಪಸು ಕಳಿಸ್ತಾರಂತೆ. ತಿಂಗಳ ಕೊನೆಗೆ ಖೋಲಿ ಬಿಡ್ತಾರೆ. ಕರೆಯುವವರೇ ಇಲ್ಲ. ಪಾಪ, ಆ ನಾಲ್ಕು ಹೆಂಗಸರು ಎಲ್ಲಿಗೆ ಹೋಗ್ತಾರೋ."

ನಳಿನಾಕ್ಷಿ ಫೋನು ಇಡುತ್ತಾರೆ. ನಲ್ಲಿ ನಿಲ್ಲಿಸಿ, ಸೆರಗಿಗೆ ಕೈ ಒರೆಸಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂರುತ್ತಾರೆ. ಎಂಬತ್ತೈದನೆಯ ಲಿಂಕ್ ಸೇರಿಸಲು ಅವರಿಗೆ ಎರಡು ನಿಮಿಷ ಸಾಕು. ಷರಾ ಬರೆಯಲು ಮುಕ್ಕಾಲು ಗಂಟೆ ಬೇಕಾಗುತ್ತದೆ. ಎಲ್ಲರಿಗೂ ಒಂದೊಂದು ಕೊರತೆ ಬರೆದವರು, ಇಲ್ಲೂ ಒಂದನ್ನು ಹುಡುಕುತ್ತಾರೆ. ಕೊನೆಗೆ ಬರೆದದ್ದು: 'ನೋವಿರುವವರನ್ನು ಹೊರಳಿಸುವುದರಲ್ಲಿ ನನಗಿಂತ ಇವರ ಕೈ ಮೇಲು. ವರ್ಷಗಟ್ಟಲೆ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಫೋನು ಎತ್ತಲು ತಡ ಮಾಡುತ್ತಾರೆ, ಯಾಕೆಂದರೆ ಆಗ ರೋಗಿಯ ಹತ್ತಿರ ಇರುತ್ತಾರೆ.'

ಕೆಲಸಕ್ಕೆ ಹೊರಟ ಶ್ರದ್ಧಾ ಭುಜದ ಮೇಲಿಂದ ಬಗ್ಗಿ ಓದುತ್ತಾಳೆ. "ಈಗ ಸಮಾಧಾನ ಆಯ್ತಾ ಅಮ್ಮಾ?"

"ಎಂಥ ಸಮಾಧಾನ? ಅವಳು ಮೇಲೆ ಬಂದರೆ ಹೊಟ್ಟೆ ಉರಿಯುವುದು ಉಂಟೇ ಉಂಟು" ಎನ್ನುತ್ತಾರೆ ತಾಯಿ. "ಬಂದರೆ ನನ್ನ ಪುಟದಿಂದ ಬರ್ತಾಳೆ. ಅಷ್ಟು ಸಾಕು ನನಗೆ."

ಹಳೆಯ ಉತ್ತರವನ್ನು ಅಳಿಸಿ ಹೊಸದಾಗಿ ಬರೆಯುತ್ತಾರೆ: 'ಲೋಲಾಕ್ಷಿ, ತಡ ಮಾಡಿದ್ದು ಬೇಕೆಂದೇ. ನಿನ್ನ ಪುಟ ಇವತ್ತು ಹಾಕಿದ್ದೇನೆ. ಸರ್ಚ್‌ನಲ್ಲಿ ಕಾಣಲು ಕೆಲವು ವಾರ ಬೇಕಂತೆ. ಅಲ್ಲಿಯವರೆಗೆ ಖೋಲಿ ಬಿಡಬೇಡ. ಮಂಚ ಕಳಿಸಬೇಡ. ನಳಿನಾ.'

ಎರಡು ಸಲ ಓದುತ್ತಾರೆ. 'ಬೇಕೆಂದೇ' ಎಂಬಲ್ಲಿ ಬೆರಳು ಸ್ವಲ್ಪ ನಿಲ್ಲುತ್ತದೆ. ಅಳಿಸುವುದಿಲ್ಲ. ಪತ್ರ ಕಳಿಸುತ್ತಾರೆ.