ಹಾವುರಾಣಿಯ ಬಂಧುಬಳಗ

ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನು ಹೇಳಬಾರದ ಮಾತು: ನನಗೆ ಹಾವುರಾಣಿ ಕಂಡರೆ ಭಯ. ಎಣ್ಣೆ ಸವರಿದಂತೆ ಹೊಳೆಯುತ್ತಾ, ತರಗೆಲೆಯಡಿ ಸರಕ್ಕನೆ ಮಾಯವಾಗುವ ಆ ಪ್ರಾಣಿ ನಿರುಪದ್ರವಿ ಎಂದು ಬೋರ್ಡಿನ ಮೇಲೆ ಬರೆದವನೂ ನಾನೇ, ಕೈವಾರದ ನಮ್ಮ ತೋಟದಲ್ಲಿ ಅದನ್ನು ಕಂಡು ಬಾವಿಕಟ್ಟೆ ಹತ್ತಿದವನೂ ನಾನೇ. ಅದು ಹಲ್ಲಿಯ ಕಡೆಯದು. ಆದರೆ ನಮ್ಮ ಜನ ಅದಕ್ಕೆ ಹಾವಿನ ಮನೆಯಲ್ಲೇ ಸಂಬಂಧ ಕುದುರಿಸಿದ್ದಾರೆ. ಕನ್ನಡದಲ್ಲಿ ಹಾವಿನ ರಾಣಿ. ಉರ್ದು ಮಾತಾಡುವ ಮನೆಗಳಲ್ಲಿ ‘ಸಾಂಪ್ ಕಿ ಖಾಲಾ’, ಅಂದರೆ ಹಾವಿನ ಚಿಕ್ಕಮ್ಮ. ಹಾವನ್ನು ಮಾತ್ರ ಯಾರೂ ಕೇಳಿಲ್ಲ.

ಈ ನೆಂಟಸ್ತಿಕೆಯನ್ನು ಸರಿಯಾಗಿ ವಿಚಾರಿಸಲು ಹೊರಟವಳು ನನ್ನ ಹಳೆಯ ವಿದ್ಯಾರ್ಥಿನಿ ನಸ್ರೀನ್, ಚಿಂತಾಮಣಿಯ ರೇಷ್ಮೆ ವ್ಯಾಪಾರಿ ಅನ್ವರ್ ಸಾಹೇಬರ ಮಗಳು. ಹಾವುರಾಣಿಗಳ ಡಿಎನ್‌ಎ ಓದಿ ಯಾವುದಕ್ಕೆ ಯಾವುದು ಹತ್ತಿರದ ಬಂಧು ಎಂದು ಪತ್ತೆ ಮಾಡುವುದು ಅವಳ ಸಂಶೋಧನೆ. ಹೋದ ವರ್ಷ ಅಪ್ಪನ ಜೊತೆ ನಮ್ಮ ತೋಟಕ್ಕೆ ಬಂದಳು. ಕಲ್ಲೊಂದನ್ನು ಎತ್ತಿ, ಪುಟ್ಟ ಕಾಲಿನ ಒಂದನ್ನು ಮೆತ್ತಗೆ ಹಿಡಿದಳು. ನಾನು ಎಲ್ಲಿದ್ದೆ ಎಂದು ಕೇಳಬೇಡಿ; ಬಾವಿಕಟ್ಟೆ ಗಟ್ಟಿಯಾಗಿದೆ.

ಬಾಲದ ತುದಿಯನ್ನು ಚೂರು ತೆಗೆದು ಸಣ್ಣ ಕೊಳವೆಯೊಳಕ್ಕೆ ಹಾಕಿದಳು.

“ಅಯ್ಯೋ, ಬಾಲ ಹೋಯ್ತಲ್ಲಮ್ಮ!”

“ಮತ್ತೆ ಬೆಳೆಯುತ್ತೆ ಸಾರ್,” ಎಂದು ಅದನ್ನು ಅದೇ ಕಲ್ಲಿನ ಪಕ್ಕ ಬಿಟ್ಟಳು.

“ನಾನು ಶಿಡ್ಲಘಟ್ಟದ ಮಾರ್ಕೆಟ್ಟಲ್ಲಿ ರೇಷ್ಮೆಗೂಡು ನೋಡಿ ನೂಲು ಎಂಥಾದ್ದು ಅಂತ ಹೇಳ್ತೀನಿ ಮೇಷ್ಟ್ರೇ,” ಎಂದರು ಅನ್ವರ್ ಸಾಹೇಬರು. “ಇವಳು ಬಾಲದ ತುದಿ ನೋಡಿ ವಂಶಾನೇ ಹೇಳ್ತಾಳಂತೆ.”

ಹೇಗೆಂದು ನನಗೂ ಆಮೇಲೆಯೇ ಹೊಳೆದದ್ದು. ಹಿಂದೆ ಓಲೆಗರಿಯ ಗ್ರಂಥಗಳನ್ನು ಕೈಯಲ್ಲೇ ನಕಲು ಮಾಡುತ್ತಿದ್ದರು. ಒಬ್ಬ ಕಣ್ತಪ್ಪಿ ಒಂದಕ್ಷರ ಬದಲಿಸಿದರೆ, ಅವನ ಪ್ರತಿ ನೋಡಿ ಬರೆದವರೆಲ್ಲರಲ್ಲೂ ಅದೇ ತಪ್ಪು. ಒಂದೇ ತಪ್ಪುಗಳಿರುವ ಪ್ರತಿಗಳು ಒಂದೇ ಮನೆತನದವು. ಡಿಎನ್‌ಎಯೂ ಹಾಗೇ, ತಲೆಮಾರಿನಿಂದ ತಲೆಮಾರಿಗೆ ನಕಲಾಗುತ್ತಾ ಬಂದ ಬರಹ. ತಪ್ಪುಗಳಿಂದಲೇ ಸಂಬಂಧ ತಿಳಿಯುತ್ತದೆ ಎಂಬುದು ನನ್ನಂಥವನಿಗೆ ದೊಡ್ಡ ಸಮಾಧಾನ.

ಏಕೆಂದರೆ ನನ್ನದೂ ಒಂದು ತಪ್ಪಿತ್ತು. ಒಂಬತ್ತನೇ ತರಗತಿಯಲ್ಲಿ, ಪುಟ್ಟ ಕಾಲಿನ ಎರಡು ಜಾತಿಯ ಹಾವುರಾಣಿಗಳ ಚಿತ್ರ ತೋರಿಸಿ, ಇವು ಅಕ್ಕತಂಗಿಯರು ಎಂದಿದ್ದೆ. “ಕಾಲು ಒಂದೇ ಥರ ಇದ್ರೆ ಅಕ್ಕತಂಗೀರೇನಾ ಸಾರ್?” ಎಂದು ಎದ್ದು ನಿಂತಿದ್ದಳು ನಸ್ರೀನ್. ಉತ್ತರ ಗೊತ್ತಿಲ್ಲದ ಮೇಷ್ಟ್ರು ಹೇಳುವುದನ್ನೇ ನಾನೂ ಹೇಳಿದೆ: “ಪರೀಕ್ಷೆಗೆ ಬರಲ್ಲ, ಕೂತ್ಕೋ.”

ಮೊನ್ನೆ ಅದೇ ಶಾಲೆಯವರು ಅವಳನ್ನು ಮಾತಾಡಲು ಕರೆದರು. ಶುರುವಾಗುವ ಮುಂಚೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು.

“ಸಾರ್, ಆವತ್ತು ನೀವು ಹೇಳಿದ್ದು ತಪ್ಪು ಅಂತ ಡಿಎನ್‌ಎಯಲ್ಲಿ ಬಂದಿದೆ. ಹೇಳ್ಲಾ, ಬಿಡ್ಲಾ?”

ನಿಜ ಹೇಳುತ್ತೇನೆ, ಒಂದು ಕ್ಷಣ ಚುರುಕ್ಕೆಂದಿತು. ನಾನು ಪಾಠ ಹೇಳಿದ ಶಾಲೆ, ನನ್ನ ಜೊತೆ ಕೆಲಸ ಮಾಡಿದವರು ಮುಂದಿನ ಸಾಲಿನಲ್ಲಿ. ಆದರೆ ಅವಳು ಉತ್ತರಕ್ಕೆ ಕಾಯುತ್ತಾ ನಿಂತಿದ್ದಳು, ಮತ್ತೊಮ್ಮೆ ಕೂತ್ಕೋ ಎನ್ನುವಷ್ಟು ದಡ್ಡ ನಾನಲ್ಲ.

“ಹೇಳಮ್ಮ, ಜೋರಾಗೇ ಹೇಳು.”

ಹೇಳಿದಳು. ಆ ಎರಡೂ ಅಕ್ಕತಂಗಿಯರಲ್ಲವಂತೆ. ಎರಡಕ್ಕೂ ಹತ್ತಿರದ ಬಂಧುಗಳು ಬೇರೆ ಬೇರೆ, ಅದೂ ಚೆನ್ನಾಗಿ ಕಾಲಿರುವವು. ಸಡಿಲ ಮಣ್ಣಿನೊಳಗೆ ನುಸುಳಿ ಬದುಕುತ್ತಾ ಬದುಕುತ್ತಾ ಎರಡು ವಂಶದಲ್ಲೂ ಕಾಲು ಬೇರೆ ಬೇರೆಯಾಗಿಯೇ ಕಿರಿದಾಗಿವೆ. ನನ್ನ ತೋಟದ ಪ್ರಾಣಿಯ ಚಿತ್ರ ಗೋಡೆಯ ಮೇಲೆ ಮೂಡಿದಾಗ ಮಕ್ಕಳಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ನಾನೇ.

ಪಕ್ಕದಲ್ಲಿದ್ದ ಅನ್ವರ್ ಸಾಹೇಬರು ನನ್ನ ಕೈ ಹಿಡಿದು ಪಿಸುಗುಟ್ಟಿದರು: “ಬೇಜಾರ್ ಮಾಡ್ಕೋಬೇಡಿ ಮೇಷ್ಟ್ರೇ, ಎಲ್ಲರೆದುರಿಗೆ ನಿಮ್ಮದು ತಪ್ಪು ಅಂದ್ಲು.” ನಾನು ಅವರ ಕೈಯನ್ನೇ ಗಟ್ಟಿಯಾಗಿ ಅದುಮಿದೆ. ಅವರ ಕಣ್ಣು ಒದ್ದೆಯಾಗಿತ್ತು.

ಹೊರಗೆ ಬರುವಾಗ ಹೊಸದಾಗಿ ಸೇರಿದ ಮೇಷ್ಟ್ರೊಬ್ಬರು ಕೇಳಿದರು: “ಆ ಮೇಡಂ ನಿಮಗೆ ಏನಾಗ್ಬೇಕು ಸಾರ್?”

ಶಿಷ್ಯೆ ಎನ್ನಲು ಬಾಯಿ ತೆರೆದೆ. ಆದರೆ ಪಾಠ ಕೇಳಿ, ತಪ್ಪು ತಿದ್ದಿಸಿಕೊಂಡು ಆಗತಾನೇ ಕ್ಲಾಸಿನಿಂದ ಹೊರಬಿದ್ದವನು ನಾನಲ್ಲವೇ?

“ನಮ್ಮ ಟೀಚರ್ ಕಣಪ್ಪ,” ಎಂದೆ.