ಕ್ರಿಮಿಗಳ ಯಮನ ಹೊಟ್ಟೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆಟೋಕ್ಲೇವ್ ಎಂಬ ಹಬೆಪೆಟ್ಟಿಗೆಯ ಎದುರು ಇಪ್ಪತ್ತೆಂಟು ವರ್ಷ ರಾಜ್ಯವಾಳಿದವನಿಗೆ ನರ್ಸುಗಳು ಇಟ್ಟ ಹೆಸರು ‘ಯಮ’. ಕತ್ತರಿ, ಚಿಮಟ, ಬಟ್ಟಲು, ಏನೇ ಬರಲಿ, ಮೇಲೊಂದು ಪಟ್ಟಿ ಅಂಟಿಸಿ ಪೆಟ್ಟಿಗೆಯೊಳಗೆ ನೂಕುತ್ತಿದ್ದ. ಹಬೆ ಚೆನ್ನಾಗಿ ತಾಗಿದರೆ ಪಟ್ಟಿಯ ಗೆರೆಗಳು ಕಪ್ಪಾಗುತ್ತವೆ. ಕಪ್ಪಾದವೆಂದರೆ ಒಳಗಿನ ಕ್ರಿಮಿಕುಲ ನಿರ್ವಂಶ. ಯಾವ ಚಕ್ರವರ್ತಿಯೂ ಒಂದೇ ಮಧ್ಯಾಹ್ನದಲ್ಲಿ ಅಷ್ಟು ತಲೆ ಉರುಳಿಸಿರಲಾರ.

ಇಂಥ ವೀರನನ್ನು ಸೋಲಿಸಿದ್ದು ಅವನದೇ ಹೊಟ್ಟೆ. ಮೂರು ತಿಂಗಳಿಂದ ಅದು ಕಚೇರಿಯ ಕಡತದ ಹಾಗೆ: ಒಳಗೆ ಹೋದದ್ದು ಹೊರಗೆ ಬರುವಂತಿಲ್ಲ. ಬೆಳಗ್ಗೆ ಪೇಪರು ಹಿಡಿದು ಕಕ್ಕಸಿಗೆ ಹೋದವನು ನಿಧನವಾರ್ತೆಗಳವರೆಗೂ ಓದಿ ಬರಿಗೈಯಲ್ಲಿ ಮರಳುತ್ತಿದ್ದ. ನರ್ಸುಗಳು ನಕ್ಕರು. ಅವನಿಗೆ ನಗು ಬರಲಿಲ್ಲ. ಅವನಪ್ಪನಿಗೂ ಹೀಗೇ ಶುರುವಾಗಿ ಕರುಳಿನ ಗಡ್ಡೆಯಲ್ಲಿ ಮುಗಿದಿತ್ತು, ಐವತ್ತೈದಕ್ಕೆ. ಇವನಿಗೀಗ ಐವತ್ತೈದು.

“ತಿಂಗಳ ಕೊನೆಗೆ ಕ್ಯಾಮೆರಾ ಬಿಟ್ಟು ಕರುಳು ನೋಡ್ತೀನಿ,” ಎಂದರು ಡಾಕ್ಟರಮ್ಮ. “ಅಲ್ಲಿವರೆಗೆ ದಿನಕ್ಕೊಂದು ಸೀಸೆ ಇದನ್ನ ಕುಡೀರಿ. ಒಳ್ಳೆ ಬ್ಯಾಕ್ಟೀರಿಯಾ. ಕೆಲವರಿಗೆ ಇದರಿಂದ ಹೊಟ್ಟೆ ಸಲೀಸಾಗುತ್ತೆ, ಕೆಲವರಿಗೆ ಇಲ್ಲ. ಎರಡು ವಾರ ಬಿಟ್ಟು ಬನ್ನಿ.”

“ಬ್ಯಾಕ್ಟೀರಿಯಾನಾ? ಜೀವ ಇರೋದಾ ಮೇಡಂ?”

“ಕೋಟಿಗಟ್ಟಲೆ.”

ಯಮ ಸೀಸೆಯನ್ನು ಎರಡೇ ಬೆರಳಲ್ಲಿ ಎತ್ತಿಕೊಂಡ.

ಎರಡು ವಾರ ಒಂದು ದಿನವೂ ತಪ್ಪಿಸದೆ ಕುಡಿದ. ಹೊಟ್ಟೆ ಮಿಸುಕಲಿಲ್ಲ. ಹತ್ತನೇ ದಿನ ಹೆಂಡತಿಯನ್ನು ಕೂರಿಸಿಕೊಂಡು ಮನೆಯ ಕಾಗದಪತ್ರ ಯಾವ ಡಬ್ಬಿಯಲ್ಲಿದೆಯೆಂದು ತೋರಿಸಿದ. ಅವಳು ಡಬ್ಬಿಯನ್ನು ಕಿತ್ತುಕೊಂಡು ಬೀರುವಿಗೆ ಎಸೆದು, ಅಡುಗೆಮನೆಗೆ ಹೋಗಿ ಅತ್ತಳು.

ಹದಿನೈದನೇ ದಿನ ಇಬ್ಬರೂ ಡಾಕ್ಟರಮ್ಮನ ಮುಂದೆ ಕೂತಿದ್ದರು. ಅವನು ಹಿಂದಿನ ದಿನ ಕುಡಿದ ಖಾಲಿ ಸೀಸೆ ತಂದಿದ್ದ. ಅವರು ಅದನ್ನು ತಿರುಗಿಸಿ ನೋಡಿದರು. ಸೀಸೆಯ ಹೊಟ್ಟೆಗೊಂದು ಪಟ್ಟಿ. ಗೆರೆಗಳು ಕಡುಕಪ್ಪು.

“ಇದೇನ್ರೀ ಇದು?”

“ಒಂದನ್ನೂ ಹಸಿಯಾಗಿ ಕುಡಿದಿಲ್ಲ ಮೇಡಂ. ಎಲ್ಲಾನೂ ಪೆಟ್ಟಿಗೆಗೆ ಹಾಕೇ ಕುಡಿದಿದ್ದು,” ಎಂದ, ಎದೆಯುಬ್ಬಿಸಿ.

“ಅಯ್ಯೋ ನನ್ನ ಕರ್ಮವೇ!” ಹೆಂಡತಿ ಹಣೆ ಚಚ್ಚಿಕೊಂಡಳು. “ಹದಿನಾಲ್ಕು ದಿನ ಬರೀ ಹೆಣ ಕುಡಿದ್ರಲ್ರೀ!”

ಡಾಕ್ಟರಮ್ಮ ನಕ್ಕು ನಕ್ಕು ಕನ್ನಡಕ ತೆಗೆದರು. “ಔಷಧಿ ಸೋತಿಲ್ಲ ಬಿಡಿ. ನೀವು ಅದನ್ನ ಯುದ್ಧಕ್ಕೇ ಬಿಟ್ಟಿಲ್ಲ.”

“ಹಾಗಾದ್ರೆ... ಅಪ್ಪನ ಕಾಯಿಲೆ ಅಲ್ವಾ ಇದು?”

ಅವರ ನಗು ನಿಂತಿತು. “ಅದು ಪರೀಕ್ಷೆ ಆದ್ಮೇಲೇ ಗೊತ್ತಾಗೋದು.”

ಫ್ರಿಜ್ಜಿನಿಂದ ಹೊಸ ಸೀಸೆ ಬಂತು. ಯಮ ಅದನ್ನು ಕಣ್ಣೆತ್ತರಕ್ಕೆ ಹಿಡಿದು, “ಇಪ್ಪತ್ತೆಂಟು ವರ್ಷ ನಿಮ್ಮವರನ್ನೆಲ್ಲ ಕೊಂದೆ. ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ರಪ್ಪಾ,” ಎಂದ.

“ಹೊಟ್ಟೆಗೆ ಹಾಕ್ಕೋಬೇಕಾದ್ದು ಅವಲ್ಲ, ನೀವು. ಕುಡೀರಿ,” ಎಂದಳು ಹೆಂಡತಿ. ಮುಚ್ಚಳವನ್ನು ಅವಳೇ ತಿರುಚಿ ತೆಗೆದಳು.

ಕಣ್ಣು ಮುಚ್ಚಿ ಕುಡಿದ. ಆಮೇಲೆ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡ.

“ಪಟ್ಟಿ ಇಲ್ದೆ ಒಳಗೇನಾಗ್ತಿದೆ ಅಂತ ಹೇಗೆ ತಿಳ್ಕೊಳ್ಳೋದು ಮೇಡಂ?”

ಡಾಕ್ಟರಮ್ಮ ಪರೀಕ್ಷೆಯ ತಾರೀಖು ಬರೆದ ಚೀಟಿಯನ್ನು ಅವನ ಕಡೆ ಸರಿಸಿದರು.