ಕೌದಿಯ ಹೊಟ್ಟೆಗೆ ಒಂದು ಚೂರು ರೊಟ್ಟಿ

“ಅಕ್ಕಾರ, ಒಂದು ಚೂರು ರೊಟ್ಟಿ ಕೊಡ್ರಿ,” ಎಂದಳು ನಮ್ಮ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತಿದ್ದ ರಂಗಂಪೇಟೆಯ ಯಲ್ಲವ್ವ. ತೀರಿಹೋದ ನಮ್ಮವ್ವನ ಹಳೆಯ ಸೀರೆಗಳ ಕೌದಿ ಅದು. ಒಂದು ಮೂಲೆ ಮಾತ್ರ ಬಾಕಿ ಇತ್ತು. ಹಸಿವಾಗಿರಬೇಕೆಂದು ತಾಟಿನ ತುಂಬ ರೊಟ್ಟಿ, ಪುಂಡಿಪಲ್ಯ ತಂದಿಟ್ಟೆ. ಅವಳು ನಕ್ಕಳು.

“ನನಗಲ್ರಿ, ಕೌದಿಗೆ. ಹಸದ ಹೊಟ್ಟೀಲೆ ಅದನ್ನ ಬಿಡಬಾರ್ದು. ಕಡೀ ಮೂಲ್ಯಾಗ ರೊಟ್ಟಿ ಇಟ್ಟು ಹೊಲೀತೀವಿ.”

“ಇರುವಿ ಹತ್ತಂಗಿಲ್ಲೇನ?”

“ಹತ್ತಲಿ ಬಿಡ್ರಿ, ಅವಕ್ಕೂ ಹೊಟ್ಟಿ ಐತಿ.”

ನಗಲು ಹೋದೆ, ಆಗಲಿಲ್ಲ. ಕಾಲುವೆ ನೀರು ಬಂದು, ಭತ್ತ ಬೆಳೆದು ಊರೆಲ್ಲ ಅನ್ನಕ್ಕೆ ತಿರುಗಿದರೂ ಅವ್ವನಿಗೆ ಜೋಳದ ರೊಟ್ಟಿಯೇ ಬೇಕಿತ್ತು. ಗಂಟಲ ಕಾಯಿಲೆ ಬಂದ ಮೇಲೂ ರೊಟ್ಟಿ ಕೇಳುತ್ತಿದ್ದಳು, ನುಂಗಲು ಆಗುತ್ತಿರಲಿಲ್ಲ. ಹಸಿದೇ ಹೋದಳು. ಆ ಸಂಕಟ ನನ್ನನ್ನು ಒಳಗೇ ತಿನ್ನುತ್ತಿತ್ತು. ಯಲ್ಲವ್ವನಿಗೆ ಇದೇನೂ ಗೊತ್ತಿರಲಿಲ್ಲ.

“ನೀವಽ ಇಡ್ರಿ,” ಎಂದು ಮೂಲೆ ಅಗಲಿಸಿ ಹಿಡಿದಳು. ನಾನು ಚೂರಲ್ಲ, ಅರ್ಧ ರೊಟ್ಟಿ ಮುರಿದು ತುರುಕಿದೆ. “ಅಷ್ಟ್ಯಾಕ್ರಿ?” ಅಂದವಳು ನನ್ನ ಮುಖ ನೋಡಿ ಮೂಲೆ ಹೊಲಿದು ಮುಚ್ಚಿದಳು.

ಈಗ ಆ ಕೌದಿ ಹೊದ್ದು ಮಲಗಿದಾಗ ಕೈ ತಾನಾಗಿಯೇ ಆ ಮೂಲೆಗೆ ಹೋಗುತ್ತದೆ. ರೊಟ್ಟಿ ಯಾವಾಗಲೋ ಪುಡಿಯಾಗಿದೆ. ಮೂಲೆ ಮಾತ್ರ ಇನ್ನೂ ಉಬ್ಬಿಕೊಂಡೇ ಇದೆ.